ಎಮ್ಮಿಯನ್ನು ಎಮ್ಮಿ ಅಂದ ಚಾಚಿ

ಹೋದ ವಾರ ಮಗಳ ಕೆಜಿ ಶಾಲೆಯಿಂದ ಒಂದು ಕಟ್ಟು ಚಿತ್ರದ ಕಾರ್ಡು ಬಂದವು, ಪ್ರಾಣಿಗಳ ಇಂಗ್ಲಿಷ್ ಹೆಸರು ಕಲಿಸಲಿಕ್ಕೆ. ರಬ್ಬರ್ ಬ್ಯಾಂಡ್ ಬಿಚ್ಚಿದ್ದೇ ತಡ, ಲ್ಯಾಮಿನೇಷನ್ ಮಾಡಿಸಿದ ಹೊಸ ಕಾಗದಕ್ಕೆ ಇರುತ್ತದಲ್ಲ, ಆ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಮಗಳು ‘ಅಮ್ಮಾ, ಟೈಗರ್!’ ಎಂದು ಕುಣಿಯುತ್ತಿದ್ದಳು. ನನಗೆ ಮಾತ್ರ ಸಿಟ್ಟು ಬಂತು. ‘ಸುಮ್ನ ಒಳಗ ಇಡು ಅವನ್ನ’ ಎಂದು ಗದರಿಬಿಟ್ಟೆ. ಕೂಸಿನ ಮುಖ ಸಣ್ಣದಾಯಿತು. ಪಾಪ, ಅದಕ್ಕೇನು ಗೊತ್ತು, ನಾನು ಇಪ್ಪತ್ತು ವರ್ಷದ ಹಿಂದಿನ ಒಂದು ಮುಂಜಾನೆಗೆ ಬೈಯುತ್ತಿದ್ದೇನೆಂದು...

ಆಗ ನಾವು ಗೋವಾದ ವಾಸ್ಕೋದ ಮಂಗೋರ್ ಹಿಲ್‌ನಲ್ಲಿದ್ದೆವು. ನಮ್ಮ ಖೋಲಿಗೂ, ನಾನು ಚಾಚಿ ಎಂದು ಕರೆಯುತ್ತಿದ್ದ ಮಗ್ಗಲ ಮನೆಯವರ ಖೋಲಿಗೂ ನಡುವೆ ಒಂದೇ ಗೋಡೆ. ಅವರು ವಿಜಯಪುರದ ಕಡೆಯವರು. ಗಂಡ ಬಂದರಿನಲ್ಲಿ ಲಾರಿ ಓಡಿಸುತ್ತಿದ್ದರು, ಚಾಚಿ ಕಟ್ಟಡದ ಕೆಲಸಕ್ಕೆ ಹೋಗಿ ತಲೆಯ ಮೇಲೆ ಖಡಿಕಲ್ಲಿನ ಬುಟ್ಟಿ ಹೊರುತ್ತಿದ್ದರು. ಅವರ ಅಪ್ಪ ದನದ ಸಂತೆಯಲ್ಲಿ ದಲಾಲಿ. ಅಪ್ಪನ ಬೆನ್ನುಹತ್ತಿ ಊರೂರು ಸಂತೆ ತಿರುಗಿದ ಹುಡುಗಿ ಚಾಚಿ. ಬಾಯಿ ತೆರೆಸಿ ಹಲ್ಲು ನೋಡಿದರೆ ಎಮ್ಮೆಯ ವಯಸ್ಸು ಹೇಳುತ್ತಿದ್ದರಂತೆ.

ಅವರಿಗೆ ಒಬ್ಬಳೇ ಮಗಳು, ನಾಲ್ಕು ವರ್ಷದವಳು. ಅವಳನ್ನು ನಾನು ಓದುತ್ತಿದ್ದ ಇಂಗ್ಲಿಷ್ ಶಾಲೆಗೇ ಹಾಕಬೇಕೆಂದು ಚಾಚಿಯ ಹಟ. ನಾನಾಗ ಒಂಬತ್ತನೇ ಕ್ಲಾಸು. ನಮ್ಮಪ್ಪ ಆ ಶಾಲೆಯ ಮಾಲಿ, ಅದಕ್ಕೇ ನನಗೆ ಅಲ್ಲಿ ಸೀಟು ಸಿಕ್ಕಿತ್ತು. ಸೇರಿಸಿಕೊಳ್ಳುವ ಮುಂಚೆ ಮಕ್ಕಳನ್ನೂ ತಾಯಂದಿರನ್ನೂ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದರು. ಮಕ್ಕಳಿಗೆ ಪ್ರಾಣಿಗಳ ಚಿತ್ರ ತೋರಿಸುತ್ತಾರೆಂದು ನಾನೇ ಹೇಳಿದ್ದೆ.

‘ಹಂಗಾದ್ರ ನನಗೂ ಕಲಿಸು ಬೇಟಾ’ ಅಂದರು ಚಾಚಿ. ‘ನೀ ಸಾಲಿಗೆ ಹೋದ ಮ್ಯಾಲೆ ಅಕಿಗೆ ಹೇಳಿಕೊಡವ್ರು ಯಾರು?’

ಎರಡು ತಿಂಗಳು ಕಲಿಸಿದೆ. ಕೆಲಸದಿಂದ ಬಂದು, ಕೈಯ ಸಿಮೆಂಟು ತೊಳೆದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಹಳೆಯ ಪುಸ್ತಕದ ಮುಂದೆ ಕೂಡುತ್ತಿದ್ದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಬಾಯಿಪಾಠವೇ. ನಳದ ಹತ್ತಿರ ಪಾತ್ರೆ ತಿಕ್ಕುವಾಗ ‘ಡಾಂಕಿ, ಮಂಕಿ, ಕ್ಯಾಮಲ್’ ಎಂದು ಜೋರಾಗಿ ಹೇಳಿಕೊಳ್ಳುತ್ತಿದ್ದರು. ಸಾಲಿನಲ್ಲಿ ನಿಂತ ಹೆಂಗಸರು ನಕ್ಕರೆ ತಾವೂ ನಗುತ್ತಿದ್ದರು.

ಅವರ ಪ್ರಶ್ನೆಗಳಿಗೆ ನಾನು ಸೋಲುತ್ತಿದ್ದೆ.

‘ಆಡಿಗೆ ಏನಂತಾರ?’

‘ಗೋಟ್.’

‘ಹೋತಕ್ಕ?’

‘ಅದಕ್ಕೂ ಗೋಟ್.’

‘ಆಡಿಗೂ ಗೋಟ್, ಹೋತಕ್ಕೂ ಗೋಟ್? ಹಂಗಾದ್ರ ಸಂತ್ಯಾಗ ಏನಂತ ಕೇಳಿ ತಗೋತಾರ ಅವರು?’

ಒಂದು ದಿನ ಮಣಕಕ್ಕೆ ಏನನ್ನುತ್ತಾರೆ ಎಂದರು. ಇನ್ನೂ ಕರು ಹಾಕದ ಆಕಳಿಗೆ ಇಂಗ್ಲಿಷಿನಲ್ಲಿ ಬೇರೆ ಹೆಸರು ಇರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಶಾಲೆಯ ಡಿಕ್ಷನರಿ ಹುಡುಕಿ ‘ಹೆಫರ್’ ಎಂದು ತಂದುಕೊಟ್ಟೆ. ಆ ಖುಷಿಗೆ ಅವರು ನನ್ನ ಗಲ್ಲ ಹಿಂಡಿದ್ದು... ಆ ಕೈಯ ಒರಟು ಇನ್ನೂ ನೆನಪಿದೆ.

ಇಂಟರ್‌ವ್ಯೂದ ಆ ಮುಂಜಾನೆ ಚಾಚಿ ಹಬ್ಬದ ಸೀರೆ ಉಟ್ಟುಕೊಂಡು ಬಂದಿದ್ದರು. ಮಗಳ ಕೂದಲಿಗೆ ಎರಡು ಕೆಂಪು ರಿಬ್ಬನ್. ಚಾಚಿಯ ಮಾತು ಇಂಗ್ಲಿಷಿನಲ್ಲಿ ತಿಳಿಸಿ ಹೇಳಲೆಂದು ನನ್ನನ್ನೂ ಒಳಗೆ ಬಿಟ್ಟರು. ಮೇಜಿನ ಆಚೆ ಕೂತವರು ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮೇಡಮ್ಮೇ. ಒಂದೊಂದೇ ಕಾರ್ಡು ಎತ್ತಿ ಹಿಡಿದರು. ಲಯನ್, ಡಾಗ್, ಹಾರ್ಸ್. ಹುಡುಗಿ ಪಟಪಟ ಹೇಳಿದಳು. ಮುಂದಿನ ಕಾರ್ಡಿನಲ್ಲಿ ಕರಿಯದೊಂದು ಪ್ರಾಣಿ. ಹಿಂದಕ್ಕೆ ಬಾಗಿ ಸುರುಳಿ ಸುತ್ತಿದ ಕೋಡು.

‘ಬಫೆಲೋ’ ಅಂದಳು ಹುಡುಗಿ.

‘ನೋ. ಕೌ’ ಅಂದರು ಮೇಡಮ್.

ಹುಡುಗಿ ಅವ್ವನ ಮುಖ ನೋಡಿದಳು. ಚಾಚಿ ಮುಂದಕ್ಕೆ ಬಾಗಿ, ಬೆರಳಿಟ್ಟು ತೋರಿಸಿದರು. ‘ಎಮ್ಮಿ ಐತಿ ನೋಡ್ರಿ ಇದು, ಮೇಡಮ್ಮರ. ಆಕಳ ಕೋಡು ಹಿಂಗ ಇರೂದಿಲ್ರಿ. ಕೂಸು ಖರೇನ ಹೇಳೇತ್ರಿ.’

ಕಾರ್ಡಿನ ಕೆಳಗೆ ದೊಡ್ಡ ಅಕ್ಷರದಲ್ಲಿ ಕೌ ಎಂದೇ ಇತ್ತು, ನಾನು ಓದಿದೆ. ಮೇಲಿದ್ದದ್ದು ಎಮ್ಮೆ, ಅದನ್ನೂ ನೋಡಿದೆ. ಅಚ್ಚು ಹಾಕಿದವರ ತಪ್ಪು. ಕಣ್ಣಿದ್ದವರಿಗೆ ಯಾರಿಗಾದರೂ ತಿಳಿಯುವ ತಪ್ಪು.

ಮೇಡಮ್ ನನ್ನ ಕಡೆ ತಿರುಗಿ, ಏನು ಹೇಳುತ್ತಿದ್ದಾಳೆ ಈಕೆ, ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕಿಟಕಿಯಾಚೆ ನಮ್ಮಪ್ಪ ಗಿಡಕ್ಕೆ ನೀರು ಬಿಡುತ್ತಿದ್ದ.

‘ಶಿ ಈಸ್ ಸೇಯಿಂಗ್ ಸಾರಿ, ಮ್ಯಾಮ್’ ಅಂದೆ.

ಮೇಡಮ್ ತಲೆಯಾಡಿಸಿ ಕಾರ್ಡುಗಳನ್ನು ಜೋಡಿಸಿಟ್ಟರು. ಹೊರಗೆ ಗೇಟು ದಾಟಿದ ಮೇಲೆ ಚಾಚಿ ನಿಂತರು. ಸಾರಿ ಅನ್ನುವ ಪದ ಯಾರಿಗೆ ಗೊತ್ತಿಲ್ಲ? ಅದನ್ನು ಕಲಿಯಲು ಯಾವ ಶಾಲೆಗೂ ಹೋಗಬೇಕಿಲ್ಲ.

‘ನಾ ಎಲ್ಲಿ ಸಾರಿ ಅಂದ್ನಿ, ಬೇಟಾ?’

ನಾನು ಚಪ್ಪಲಿಯ ಪಟ್ಟಿ ಸರಿಮಾಡಲು ಬಗ್ಗಿದೆ. ಅವರು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಗುಡ್ಡದ ಮೆಟ್ಟಿಲು ಹತ್ತಿದರು. ಆ ಮೆಟ್ಟಿಲುಗಳ ಮೇಲೆ ನಾನು ಅವರಿಂದ ಹತ್ತು ಹೆಜ್ಜೆ ಹಿಂದೆಯೇ ಉಳಿದೆ.

ಶಾಲೆಗೆ ಸೇರಿಸಿಕೊಂಡವರ ಪಟ್ಟಿಯಲ್ಲಿ ಹುಡುಗಿಯ ಹೆಸರು ಬರಲಿಲ್ಲ. ಮರುದಿನ ಚಾಚಿ ಆ ದಿನದ ಕೂಲಿ ಬಿಟ್ಟು, ನನ್ನ ಹಳೆಯ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು, ಒಬ್ಬರೇ ಶಾಲೆಗೆ ಹೋದರಂತೆ. ವಾಚ್‌ಮನ್ ಒಳಗೆ ಬಿಡಲಿಲ್ಲ. ಮಧ್ಯಾಹ್ನದ ತನಕ ಬಿಸಿಲಿನಲ್ಲಿ ಗೇಟಿನ ಹೊರಗೆ ನಿಂತರು. ಮೇಡಮ್ಮರ ಕಾರು ಹೊರಬಂದಾಗ ಅಡ್ಡ ನಿಂತು ಪುಸ್ತಕ ಬಿಚ್ಚಿ ತೋರಿಸಿ, ‘ದಿಸ್ ಈಸ್ ಬಫೆಲೋ. ದಟ್ ಆಲ್ಸೋ ಬಫೆಲೋ’ ಅಂದರಂತೆ. ಅಷ್ಟೇ ಅವರ ಇಂಗ್ಲಿಷು. ಕಾರಿನ ಗಾಜು ಇಳಿಯಲಿಲ್ಲ. ಅಪ್ಪ ಇದನ್ನು ಮನೆಗೆ ಬಂದು ಹೇಳಿದಾಗ ನಾನು ಸಿಟ್ಟಾಗಿದ್ದೆ, ಚಾಚಿಯ ಮೇಲೆ! ‘ನನ್ನ ಮಾನ ಕಳದ್ರು’ ಎಂದು ಅತ್ತಿದ್ದೆ. ಅವ್ವ ನನ್ನನ್ನು ಸಮಾಧಾನವೂ ಮಾಡಿದಳು. ಈಗ ನೆನೆದರೆ ಒಂಬತ್ತನೇ ಕ್ಲಾಸಿನ ಆ ಹುಡುಗಿಯ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ.

ಚಾಚಿಯ ಮಗಳು ಗುಡ್ಡದ ಮೇಲಿನ ಕನ್ನಡ ಶಾಲೆಗೆ ಹೋದಳು. ಚಾಚಿ ನನ್ನ ಮೇಲೆ ಕೂಗಾಡಲಿಲ್ಲ. ರಂಜಾನಿಗೆ ಶೀರ್‌ಖುರ್ಮಾ ಎಂದಿನಂತೆ ನಮ್ಮ ಮನೆಗೆ ಬಂತು. ನಾನು ಎದುರು ಬಂದರೆ ‘ಊಟ ಆತೇನು’ ಅನ್ನುತ್ತಿದ್ದರು, ನಿಲ್ಲದೆ ನಡೆಯುತ್ತಿದ್ದರು. ಬೈದಿದ್ದರೆ ಚಲೋ ಇತ್ತು. ಬೈದಿದ್ದರೆ ನಾನೂ ಒಂದು ಮಾತು ಆಡಬಹುದಿತ್ತು... ಎರಡು ವರ್ಷದ ನಂತರ ನಾವು ಸಾಂಖಳಿಗೆ ಮನೆ ಬದಲಿಸಿದೆವು. ಹೊರಡುವ ದಿನ ಅವರು ಕೆಲಸಕ್ಕೆ ಹೋಗಿದ್ದರು.

ಹೋದ ವರ್ಷ ಫೋಂಡಾದಲ್ಲಿ ಔಷಧಿ ಅಂಗಡಿಯೊಂದರಲ್ಲಿ ಕೌಂಟರಿನ ಹಿಂದಿದ್ದ ಹೆಣ್ಣುಮಗಳು ನನ್ನ ಚೀಟಿಯ ಮೇಲಿನ ಹೆಸರು ಓದಿ, ನನ್ನನ್ನು ದಿಟ್ಟಿಸಿ ನೋಡಿ, ‘ಅಕ್ಕಾ, ನೀವು ಮಂಗೋರ್ ಹಿಲ್‌ನವರಲ್ರಿ?’ ಅಂದಳು. ಅವಳೇ, ಚಾಚಿಯ ಮಗಳು. ಡಿ.ಫಾರ್ಮಾ ಮಾಡಿದ್ದಳು. ಅವ್ವ ಹೇಗಿದ್ದಾರೆ ಎಂದು ಕೇಳಿದೆ.

‘ಅಮ್ಮೀ ತೀರಿಕೊಂಡ್ಲು ರೀ. ಎಂಟು ತಿಂಗಳಾತು. ಊರಾಗ ಮಣ್ಣು ಮಾಡಿದ್ವಿ.’

ಆ ಇಂಟರ್‌ವ್ಯೂ ನೆನಪಿದೆಯಾ ಎಂದು ಕೇಳಿದೆ. ಅವಳಿಗೆ ಏನೂ ನೆನಪಿರಲಿಲ್ಲ. ಅಮ್ಮೀ ನನ್ನ ಬಗ್ಗೆ ಏನಾದರೂ ಹೇಳುತ್ತಿದ್ದರಾ ಎಂದೆ.

‘ಹೇಳ್ತಿದ್ಲು ರೀ. ಮಗ್ಗಲ ಮನಿ ಹುಡುಗಿ ಭಾಳ ಶ್ಯಾಣ್ಯಾಕಿ, ಆದ್ರ ಅಂಜಬುರಕಿ, ನೀ ಮಾತ್ರ ಅಂಜಬ್ಯಾಡ ಅಂತಿದ್ಲು.’

ಅವಳು ನಗುತ್ತಲೇ ಹೇಳಿದಳು, ನೋಯಿಸಲೆಂದಲ್ಲ. ಔಷಧಿಯ ಪೊಟ್ಟಣ ಕೊಟ್ಟು ಮುಂದಿನ ಗಿರಾಕಿಯ ಚೀಟಿ ತೆಗೆದುಕೊಂಡಳು.

ಆ ಮೇಡಮ್ ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಬಹಳ ವರ್ಷ ಅವರನ್ನೇ ಬೈದುಕೊಂಡೆ, ಅದು ಸುಲಭವಿತ್ತು. ಅವರು ತಮಗೆ ತಿಳಿಯದ್ದನ್ನು ತಪ್ಪು ಹೇಳಿದರು. ನಾನು ತಿಳಿದೂ ತಿಳಿದೂ, ಇನ್ನೊಬ್ಬರ ಬಾಯಿಂದ ಅವರು ಆಡದ ಮಾತು ಆಡಿಸಿದೆ. ತಪ್ಪಾಯಿತು ಎನ್ನಲು ಮಂಗೋರ್ ಹಿಲ್‌ಗೆ ಅರ್ಧ ದಿನ ಸಾಕಿತ್ತು. ಬಸ್ಸು ಹತ್ತಲು ಇಷ್ಟು ವರ್ಷ ನನಗೆ ಪುರುಸೊತ್ತು ಸಿಗಲಿಲ್ಲ. ಈಗ ಹೋದರೂ ಆ ಖೋಲಿಯಲ್ಲಿ ಬೇರೆ ಯಾರೋ ಇದ್ದಾರೆ.