ಎಬ್ಬಿಸುವ ಬೆಂಚು

ಹೋಟೆಲಿನಲ್ಲಿ ಗಿರಾಕಿಯನ್ನು ಕೂರಿಸುವುದು ಕಷ್ಟವಲ್ಲ, ಎಬ್ಬಿಸುವುದು ಕಷ್ಟ. ಇದು ಮೋಹನದಾಸನಿಗೆ ಗೊತ್ತಿದ್ದಷ್ಟು ನಾಸಿಕ್‌ನಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಕಾರ್ಕಳದ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದವನು, ಅಂಬಡ್‌ನ ಕಾರ್ಖಾನೆಗಳ ಎದುರು ಸುಧೀರ ಶೆಟ್ಟರು ನಡೆಸುತ್ತಿದ್ದ ಹೋಟೆಲಿನಲ್ಲಿ ಲೋಟ ತೊಳೆದ, ಟೇಬಲ್ ಒರೆಸಿದ, ಸಪ್ಲೈಯರ್ ಆದ, ಕಡೆಗೆ ಗಲ್ಲಾದಲ್ಲಿ ಕೂತು ಮ್ಯಾನೇಜರ್ ಅನ್ನಿಸಿಕೊಂಡ. ಪಾಳಿ ಬಿಟ್ಟ ಹೊತ್ತಿಗೆ ಬಾಗಿಲ ತುಂಬ ಜನ ಕಾಯುತ್ತಿದ್ದರೆ, ಒಳಗೆ ಮೂರು ಮಂದಿ ಖಾಲಿ ಚಹಾ ಲೋಟ ಮುಂದಿಟ್ಟುಕೊಂಡು ದೇಶ ಆಳುತ್ತಿದ್ದರು. ಏಳಿ ಅಂದರೆ ಜಗಳ, ಅನ್ನದಿದ್ದರೆ ಧಣಿಯ ಬೈಗುಳ.

ಬೆಂಚಿನ ಉಪಾಯ ಹೊಳೆದದ್ದು ಮೋಹನದಾಸನಿಗೇ. ಬಡಗಿಯ ಪಕ್ಕ ನಿಂತು ಮಾಡಿಸಿದ. ಹಲಗೆ ಒಂದು ಗೇಣು ಅಗಲ, ಅದಕ್ಕಿಂತ ಹೆಚ್ಚಿಲ್ಲ. ಮುಂದಿನ ಅಂಚು ಒಂಚೂರು ತಗ್ಗು; ಜಾರುತ್ತಿದ್ದೇನೆ ಅಂತ ತಿಳಿಯದೆಯೇ ಜಾರಬೇಕು. ಒರಗಲು ಬರೀ ಒಂದು ಅಡ್ಡಪಟ್ಟಿ, ಅದೂ ಹೆಗಲಿನ ಮೂಳೆಗೆ ಒತ್ತುವಂತೆ. ಬೆಂಚಿಗೆ ಟೇಬಲನ್ನು ಜೋಡಿಸಿ, ಬಾಗದೆ ತಟ್ಟೆಗೆ ಕೈ ಎಟುಕದಷ್ಟು ದೂರದಲ್ಲಿ ನಿಲ್ಲಿಸಿದ. ಇಡ್ಲಿ ಮುಗಿಯುವ ತನಕ ಏನೂ ಗೊತ್ತಾಗುವುದಿಲ್ಲ. ಆಮೇಲೆ ಸೊಂಟವೇ ನಡಿ ನಡಿ ಅನ್ನುತ್ತದೆ. ಯಾರೂ ಕಾರಣ ಕೇಳಲಿಲ್ಲ, ವ್ಯಾಪಾರ ಮಾತ್ರ ಏರಿತು. "ನಿನಗೆ ತಲೆ ಉಂಟು ಮಾರಾಯ" ಅಂದರು ಶೆಟ್ಟರು. ಆ ಒಂದು ಮಾತನ್ನು ಮೆಲುಕು ಹಾಕುತ್ತಲೇ ಅವನು ವರ್ಷಗಟ್ಟಲೆ ದುಡಿದ. ಊರಿಂದ ಯಾರೇ ಬರಲಿ, ಅವರನ್ನು ಬೆಂಚಿನ ಮೇಲೆ ಕೂರಿಸಿ, ಅವರು ಮಿಸುಕಾಡುವುದನ್ನು ನೋಡಿ ನಗುತ್ತಿದ್ದ.

ಮೈಯಲ್ಲಿ ಕಸುವು ಇಳಿದ ಮೇಲೆ ಹೋಟೆಲ್ ಬಿಟ್ಟು ಛತ್ರಪತಿ ಸಂಭಾಜಿನಗರದಲ್ಲಿದ್ದ ಮಗನ ಮನೆ ಸೇರಿದ. ಮಗ ರಾಕೇಶ ಬಿಡಕಿನ್‌ನ ಹೊಸ ಕಾರ್ಖಾನೆಗೆ ನಸುಕಿನಲ್ಲೇ ಬಸ್ಸು ಹತ್ತುವವನು, ಸೊಸೆಗೂ ಕೆಲಸ. ಐದನೇ ಕ್ಲಾಸಿನ ಮೊಮ್ಮಗಳು ನಿಶ್ಮಿತಾಳನ್ನು ಶಾಲೆಗೆ ಬಿಟ್ಟು ಕರೆತರುವುದು ಅಜ್ಜನ ಪಾಲಿಗೆ ಬಂತು. ಆ ಶಾಲೆಯಲ್ಲಿ ಸೀಟು ಸಿಕ್ಕಿದ್ದೂ ಶೆಟ್ಟರ ಕೃಪೆಯಿಂದ. ಅವರು ಶಾಲೆಯ ಟ್ರಸ್ಟಿಗಳಲ್ಲಿ ಒಬ್ಬರು; ಹಳೇ ಮ್ಯಾನೇಜರನಿಗೋಸ್ಕರ ಒಂದು ಫೋನು ಮಾಡಿದ್ದರು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ದೀಪಾವಳಿ ರಜೆಯ ಹೊತ್ತಿಗೆ ಹುಡುಗಿ ಮನೆಗೆ ಬಂದವಳೇ ನೆಲದ ಮೇಲೆ ಅಂಗಾತ ಬೀಳುತ್ತಿದ್ದಳು. "ಅಜ್ಜ, ಬೆನ್ನು ತುಂಬ ನೋಯ್ತದೆ, ಖೂಪ್." ಚೀಲದ ಭಾರ ಅಂದುಕೊಂಡ ಮೋಹನದಾಸ ಅಂದಿನಿಂದ ಚೀಲ ತಾನೇ ಹೊತ್ತ. ನೋವು ಹೋಗಲಿಲ್ಲ. ಎಣ್ಣೆ ತಿಕ್ಕಿದ, ಬಿಸಿನೀರು ಹೊಯ್ದ. ಡಾಕ್ಟರು ನೋಡಿ, ಮೂಳೆಗೇನೂ ಆಗಿಲ್ಲ, ಕೂರುವ ಜಾಗ ಸರಿಯಿಲ್ಲ, ಬೆಳೆಯುವ ಮಗು, ಮೊದಲು ಅದನ್ನು ಸರಿಮಾಡಿ ಅಂದರು. ಶಾಲೆಯಿಂದ ಬಂದ ದೂರು ಬೇರೆ: ನಿಮ್ಮ ಹುಡುಗಿ ನೆಟ್ಟಗೆ ಕೂರುವುದಿಲ್ಲ.

ಪಾಲಕರ ಸಭೆಗೆ ಅವನೇ ಹೋದ. ಅಲ್ಲಿಯವರೆಗೆ ಗೇಟು ದಾಟಿದವನಲ್ಲ. ಮೊಮ್ಮಗಳ ಕ್ಲಾಸಿನ ಬಾಗಿಲಲ್ಲೇ ಕಾಲು ನಿಂತುಬಿಟ್ಟಿತು. ಒಳಗಿನ ಬೆಂಚುಗಳಿಗೆ ನೀಲಿ ಬಣ್ಣ ಬಳಿದು, ಮೇಲೆ ಮರಾಠಿಯಲ್ಲಿ ಶೆಟ್ಟರ ಹೆಸರು ಬರೆಸಿ ದಾನ ಅಂದಿದ್ದರು. ಬಣ್ಣ ಬಳಿದರೆ ಮಾಡಿಸಿದವನಿಗೆ ಗುರುತು ಸಿಗದೆ ಹೋಗುತ್ತದೆಯೇ? ಅವನು ಬಿಟ್ಟುಬಂದ ಮೇಲೆ ಅಂಬಡ್‌ನ ಹೋಟೆಲನ್ನು ಹೊಸದಾಗಿ ಕಟ್ಟಿಸುವಾಗ ಶೆಟ್ಟರು ಹಳೇ ಬೆಂಚು, ಟೇಬಲುಗಳನ್ನೆಲ್ಲ ಲಾರಿಗೆ ಹೇರಿಸಿ ಇಲ್ಲಿಗೆ ಕಳಿಸಿ, ಶಾಲು ಹೊದೆಸಿಕೊಂಡು ಹೋಗಿದ್ದರು. ಮೋಹನದಾಸ ಕೂತ. ಟೀಚರು ಮಾತು ಮುಗಿಸುವ ಮೊದಲೇ ಸೊಂಟ ನಡಿ ನಡಿ ಅಂದಿತು. ಗಿರಾಕಿಯಾದರೆ ಎದ್ದು ಹೋಗುತ್ತಾನೆ. ನೆಲಕ್ಕೆ ಕಾಲು ಸಹ ತಾಗದ ಈ ಮಕ್ಕಳು ಎಲ್ಲಿಗೆ ಹೋಗಬೇಕು? ಒಂದು ಪ್ಲೇಟು ಇಡ್ಲಿಯ ಹೊತ್ತಿಗೆಂದು ತಾನು ಮಾಡಿಸಿದ್ದರ ಮೇಲೆ ಅವರು ಇಡೀ ದಿನ ಕೂರುತ್ತಿದ್ದಾರೆ, ಮೇಲಿಂದ ಬೈಸಿಕೊಳ್ಳುತ್ತಿದ್ದಾರೆ.

ಟ್ರಸ್ಟಿನ ಮೀಟಿಂಗಿಗೆ ಶೆಟ್ಟರು ಬಂದ ದಿನ ಕಾರಿನ ಹತ್ತಿರವೇ ಕಾದು ನಿಂತ.

"ಧಣಿ, ಆ ಬೆಂಚು ಮಕ್ಕಳಿಗೆ ಬೇಡ. ಅದನ್ನು ಎಂತಕ್ಕೆ ಮಾಡಿಸಿದ್ದು ಅಂತ ನಿಮಗೆ ಗೊತ್ತುಂಟಲ್ಲ."

ಶೆಟ್ಟರು ನಕ್ಕರು. "ಒಳ್ಳೇ ಮರ ಮಾರಾಯ. ಒಲೆಗೆ ಹಾಕಬೇಕಿತ್ತಾ?"

"ಮಕ್ಕಳ ಬೆನ್ನು ಹಾಳಾಗ್ತದೆ ಧಣಿ. ನಮ್ಮ ನಿಶ್ಮಿತಾಳಿಗೆ ಆಗಲೇ ನೋವು ಶುರುವಾಗಿದೆ. ಹಲಗೆಯಾದರೂ ಅಗಲ ಮಾಡಿಸಿ. ಇಲ್ಲದಿದ್ದರೆ ನಾನೇ ಹೆಡ್‌ಮಾಸ್ತರರಿಗೆ ಹೇಳ್ತೇನೆ."

ನಗು ನಿಂತಿತು. "ಹೇಳು. ಅಳತೆ ಕೊಟ್ಟದ್ದು ಯಾರು ಅಂತಲೂ ಹೇಳು. ನಾನಲ್ಲವಲ್ಲ?" ಆಮೇಲೆ ಅದೇ ಹಳೆಯ ಸಲಿಗೆಯಿಂದ ಹೆಗಲ ಮೇಲೆ ಕೈ ಇಟ್ಟರು. "ನಿನ್ನ ಮೊಮ್ಮಗಳಿಗೆ ಬೇರೆ ಕುರ್ಚಿ, ಡೆಸ್ಕು ಹಾಕಿಸ್ತೇನೆ. ಡಾಕ್ಟರು ಹೇಳಿದ್ದು ಅಂದರೆ ಆಯ್ತು. ಉಳಿದವರ ಪಂಚಾಯ್ತಿ ನಿನಗೆಂತಕ್ಕೆ?"

ಬೇಡ ಅನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಸೀಟು ಕೊಡಿಸಿದ ಕೈಯೇ ಹೆಗಲ ಮೇಲಿತ್ತು, ಹುಡುಗಿ ನೆಲದ ಮೇಲೆ ಅಂಗಾತ ಬಿದ್ದಿದ್ದು ಕಣ್ಣ ಮುಂದಿತ್ತು. "ಹಾಗೇ ಮಾಡಿ ಧಣಿ" ಅಂದ, ಕೈಯನ್ನೂ ಮುಗಿದ. ಮುಗಿದದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಬೈದುಕೊಂಡನೇ ಹೊರತು ತಿರುಗಿ ಹೋಗಲಿಲ್ಲ.

ಕುರ್ಚಿ ಬಂತು. ಕೆಲವು ವಾರಗಳಲ್ಲಿ ನಿಶ್ಮಿತಾ ನೆಲದ ಮೇಲೆ ಮಲಗುವುದು ಬಿಟ್ಟಳು, ಓಣಿಯ ಮಕ್ಕಳ ಜೊತೆ ಮತ್ತೆ ಕುಣಿಯತೊಡಗಿದಳು. ಅದನ್ನು ನೋಡಿ ಮೋಹನದಾಸನಿಗೆ ಸಂತೋಷವಾಗುತ್ತಿತ್ತು, ಆ ಸಂತೋಷಕ್ಕೆ ನಾಚಿಕೆಯೂ ಆಗುತ್ತಿತ್ತು.

ಭಾಲ್ಕಿ ಕಡೆಯ ಅಶ್ವಿನಿ ಅಂತ ಒಬ್ಬಳು. ಕನ್ನಡದವರು ಸಿಕ್ಕರೆಂಬ ಖುಷಿಗೇ ದಿನಾ ಶಾಲೆಯ ಗೇಟಿನಲ್ಲಿ ಅವನನ್ನು ಮಾತಾಡಿಸುವವಳು. ಅವಳ ಮಗ ಸಮೀರ ನಿಶ್ಮಿತಾಳ ಕ್ಲಾಸಿನವನೇ. ಒಂದು ಸಂಜೆ ಹುಡುಗ ಸೊಂಟಕ್ಕೆ ಕೈ ಕೊಟ್ಟುಕೊಂಡು ಹೊರಗೆ ಬಂದ.

"ಕಾಕಾ, ನಿಮ್ಮ ಮೊಮ್ಮಗಳಿಗಿ ಕಡಿಮಿ ಆಗ್ಯಾದಂತಲ್ರಿ? ಇವನಿಗಿ ಭೀ ಹಂಗೇ ನೋಯ್ಲತದ ನೋಡ್ರಿ. ಸಾಲ್ಯಾಗ ಕೇಳಿದ್ರ ನಿಮ್ಮ ಹುಡುಗನಿಗೇ ಕೂಡ್ಲಾಕ ಬರಲ್ಲ ಅಂತಾರ." ಅಶ್ವಿನಿ ದನಿ ತಗ್ಗಿಸಿದಳು. "ಖರೇ ಹೇಳ್ರಿ ಕಾಕಾ, ಆ ಬೆಂಚಿನಾಗೇ ಯಾನರ ಖರಾಬಿ ಅದ ಏನ್ರಿ? ನೀವು ಒಳಗ ಹೋಗಿ ನೋಡೀರಿ."

ಮೋಹನದಾಸ ಹುಡುಗನ ಮುಖ ನೋಡಲಿಲ್ಲ. ನಿಶ್ಮಿತಾಳ ಚೀಲವನ್ನು ಹೆಗಲಿಗೆ ಏರಿಸಿಕೊಂಡ.

"ಬೆಂಚಿನದ್ದು ಎಂತದೂ ಇಲ್ಲಮ್ಮ" ಅಂದ. "ನೆಟ್ಟಗೆ ಕೂರ್ಲಿಕ್ಕೆ ಹೇಳಿ ಅವನಿಗೆ."

ಅಶ್ವಿನಿ ಮಗನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಕೇಳ್ದಿ? ಅಜ್ಜ ಹೇಳಿದ್ದು ಕೇಳ್ದಿ?"