ಬಣ್ಣ ಇಳಿಸದೆ ಕೊಂಡ ಟಿವಿ

‘ಠಂಯ್’ ಎಂದು ಒಂದು ಸದ್ದು. ಅದರ ಬೆನ್ನಿಗೇ ಒಳಗೆಲ್ಲೋ ಸಣ್ಣಗೆ ನಡುಗಿ ನಿಲ್ಲುವ ಗುಂಯ್‌ಗಾನ, ಆಮೇಲೆ ಗಾಜಿನ ಮೇಲೆ ಚಿಟಪಟ. ತಾಂಡೂರಿನ ನಮ್ಮ ಮನೆಯಲ್ಲಿ ಕಲರ್ ಟಿವಿಯ ಸ್ವಿಚ್ ಒತ್ತಿದಾಗಲೆಲ್ಲ ಹೀಗೆ ಕೇಳುತ್ತಿತ್ತು. ಚಿತ್ರ ಬರುವ ಮೊದಲೇ ನಮ್ಮ ಯಜಮಾನರು ಕನ್ನಡಕ ಒರೆಸಲು ಶುರು ಮಾಡುತ್ತಿದ್ದರು. ಈಗಿನ ಗೋಡೆ ಟಿವಿಗಳು ಬೆಕ್ಕಿನ ಹಾಗೆ, ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

ಆ ಟಿವಿಯನ್ನು ನಮಗೆ ಆರಿಸಿಕೊಟ್ಟವನು ತಾಂಡೂರು ಬಜಾರಿನ ಮೆಕ್ಯಾನಿಕ್. ನನಗಿಂತ ಏಳೆಂಟು ವರ್ಷ ಚಿಕ್ಕವನು, ನನ್ನನ್ನು ‘ಅಕ್ಕಾರ’ ಎಂದು ಕರೆಯುತ್ತಿದ್ದ. ಟಿವಿ ನೋಡಿ ಕೊಳ್ಳುವುದು ಹೇಗೆಂದು ನನಗೆ ಕಲಿಸಿದವನೂ ಅವನೇ. ಮೊದಲನೆಯದಾಗಿ, ಸೆಟ್ಟು ತಣ್ಣಗಿರುವಾಗಲೇ ಹಚ್ಚಬೇಕು. ಬೆಚ್ಚಗಾದ ಪಿಕ್ಚರ್ ಟ್ಯೂಬ್ ಸುಳ್ಳು ಹೇಳುತ್ತದೆ. ಆಮೇಲೆ ಬಣ್ಣವನ್ನು ಪೂರ್ತಿ ಸೊನ್ನೆಗೆ ಇಳಿಸಬೇಕು. ಆಗ ಬಿಳಿ ಧೋತರ ಬಿಳಿಯಾಗಿಯೇ ಕಂಡರೆ ಟ್ಯೂಬ್ ಗಟ್ಟಿ. ಕೆಂಪೋ ಹಸಿರೋ ಇಣುಕಿದರೆ ಅದರ ಆಯುಷ್ಯ ಮುಗಿಯುತ್ತ ಬಂದಿದೆ ಎಂದು ಅರ್ಥ.

“ಬಣ್ಣ ಅಂದ್ರ ಪೌಡರ್ ಇದ್ದಂಗರಿ ಅಕ್ಕಾರ. ಒರೆಸಿ ನೋಡ್ರಿ, ಮುಖ ಎಂಥಾದ್ದು ತಿಳೀತದ,” ಅನ್ನುತ್ತಿದ್ದ.

“ನನ್ನ ನೋಡಾಕ ಬಂದ ಗಂಡಿಗೂ ಹಂಗ ಒರೆಸಿ ನೋಡಬೇಕಾಗಿತ್ತಪ್ಪ,” ಅನ್ನುತ್ತಿದ್ದೆ ನಾನು. ಒಳಗಿನಿಂದ ನಮ್ಮವರು ಕೆಮ್ಮುತ್ತಿದ್ದರು.

ಅವರು ತೀರಿಕೊಂಡಾಗ ಹೆಗಲು ಕೊಟ್ಟ ನಾಲ್ವರಲ್ಲಿ ಆ ಮೆಕ್ಯಾನಿಕ್ಕನೂ ಒಬ್ಬ. ಅದಾದ ಮೇಲೆ ನಾನು ಜಹೀರಾಬಾದಿಗೆ, ಮಗ-ಸೊಸೆಯ ಮನೆಗೆ ಬಂದೆ.

ಎರಡು ವರ್ಷದ ಹಿಂದೆ ನಾರಾಯಣಖೇಡದಲ್ಲಿರುವ ನನ್ನ ತಂಗಿಯ ಕಣ್ಣುಗಳು ಮಂಜಾಗತೊಡಗಿದವು. ಗ್ಲಾಕೋಮಾ. ಉಳಿದ ನೋಟ ಎಷ್ಟು ದಿನದ್ದೆಂದು ಹೇಳಲಾಗದು ಅಂದರಂತೆ ಡಾಕ್ಟರು. ಅವಳದ್ದು ಒಂದೇ ಹಟ: ತನ್ನ ಮದುವೆಯ ವಿಡಿಯೋದಲ್ಲಿ ಅವ್ವನನ್ನು ಒಮ್ಮೆ ಚೆನ್ನಾಗಿ ನೋಡಬೇಕು. ನಮ್ಮ ಅವ್ವ ನಡೆದಾಡುವುದು, ಸೆರಗು ಬಾಯಿಗಿಟ್ಟು ನಗುವುದು ಉಳಿದಿರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಕ್ಯಾಸೆಟ್ಟೂ ವಿಸಿಆರೂ ನನ್ನ ಹತ್ತಿರವೇ ಇದ್ದವು. ಗೋಡೆ ಟಿವಿಗೆ ಹಚ್ಚಿ ತೋರಿಸಿದೆವು. ಚಿತ್ರ ಅಡ್ಡಕ್ಕೆ ಹಿಗ್ಗಿತು.

“ಅಯ್ಯ, ಯಾರಿದು? ನಮ್ಮವ್ವ ಇಷ್ಟ ದಪ್ಪ ಎಲ್ಲಿದ್ಲು?” ಅಂದಳು ತಂಗಿ.

ಮಗ ಅದನ್ನು ಪೆನ್ ಡ್ರೈವಿಗೆ ಹಾಕಿಸಿ ತಂದ. ಅದರಲ್ಲಿ ಅವ್ವನ ಮುಖ ಚೌಕ ಚೌಕವಾಗಿ ಒಡೆದುಹೋಗಿತ್ತು. ಆಗ ನಾನು ಡಿಸೈಡ್ ಮಾಡಿದೆ, ಆ ಕಾಲದ ಚಿತ್ರಕ್ಕೆ ಆ ಕಾಲದ ಟಿವಿಯೇ ಬೇಕು.

ಜಹೀರಾಬಾದಿನ ಹೈವೇ ಪಕ್ಕದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. ಕೊಹೀರಿನಿಂದ ಬಂದಿದ್ದ ಒಂದು ಸೆಟ್ಟಿನ ಮೂಲೆಯಲ್ಲಿ ನೇರಳೆ ಕಲೆ. ಇನ್ನೊಂದರಲ್ಲಿ ಅಕ್ಷರಗಳೆಲ್ಲ ಜೋಡಿ ಜೋಡಿ. ಮತ್ತೊಂದರಲ್ಲಿ ಬಣ್ಣ ಇಳಿಸಿದ್ದೇ ತಡ, ಬಿಳಿ ಗೋಡೆ ಪಾಚಿ ಹಿಡಿದಂತಾಯಿತು. ಎಲ್ಲವನ್ನೂ ರಿಜೆಕ್ಟ್ ಮಾಡಿದೆ. “ಅಮ್ಮಾರ, ಟಿವಿ ತಗೊಳಾಕ ಬಂದೀರೋ, ಸ್ಕೂಲ್ ಇನ್‌ಸ್ಪೆಕ್ಷನ್ನಿಗೆ ಬಂದೀರೋ?” ಎಂದು ಅಂಗಡಿಯವನೊಬ್ಬ ಛೇಡಿಸಿದ.

ಕೊನೆಗೆ ತಾಂಡೂರಿಗೆ ಫೋನ್ ಮಾಡಿದೆ. ತಂಗಿಯ ಕಣ್ಣಿನ ವಿಷಯ, ಅವ್ವನ ವಿಷಯ, ಎಲ್ಲ ಹೇಳಿದೆ. “ಎಂಟು ದಿನ ಟೈಮ್ ಕೊಡ್ರಿ ಅಕ್ಕಾರ. ನಿಮಗ ಎಂದಾದ್ರೂ ಇಲ್ಲ ಅಂದೀನೇನು?” ಅಂದ.

ನಾನು ಹೋದಾಗ ಅವನ ಅಂಗಡಿ ಗುರುತು ಸಿಗಲಿಲ್ಲ. ಎದುರಿಗೆಲ್ಲ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಹಿಂದಿನ ಕೋಣೆಯಲ್ಲಿ ಇಪ್ಪತ್ತೊಂದು ಇಂಚಿನ ಸೆಟ್ಟು ಆಗಲೇ ಓಡುತ್ತಿತ್ತು. ಏನು ಬಣ್ಣ! ಪರದೆಯ ಮೇಲಿದ್ದ ಹೆಂಗಸಿನ ಸೀರೆ ಈಗ ತಾನೇ ಅದ್ದಿ ತೆಗೆದಂತಿತ್ತು. ಆದರೂ ಅಭ್ಯಾಸ ನೋಡಿ, ನನ್ನ ಕೈ ರಿಮೋಟಿನತ್ತ ಹೋಯಿತು. ಒಮ್ಮೆ ಆರಿಸಿ, ತಣಿಯಲು ಬಿಟ್ಟು, ಬಣ್ಣ ಇಳಿಸಿ ನೋಡೋಣವೆಂದು.

ಅವನು ನಕ್ಕ. “ನನಗೂ ಪರೀಕ್ಷಾ ಮಾಡ್ತೀರೇನ್ರಿ ಅಕ್ಕಾರ?”

ನಮ್ಮ ಕಡೆ ಲಿಹಾಜ್ ಎನ್ನುವ ಮಾತಿದೆ. ನಮ್ಮ ಮನೆಯಲ್ಲಿ ಉಂಡವನ ತಕ್ಕಡಿಯನ್ನು ಎತ್ತಿ ನೋಡಬಾರದು. ಆ ದಾಕ್ಷಿಣ್ಯಕ್ಕೇ ಲಿಹಾಜ್ ಅನ್ನುವುದು. ನಾನು ಓದಿದ ಕಾನ್ವೆಂಟಿನ ಲೆಕ್ಕದ ಸಿಸ್ಟರ್ ಎರಡೆರಡು ಸಲ ತಾಳೆ ನೋಡದೆ ಉತ್ತರ ಬರೆಯಲು ಬಿಡುತ್ತಿರಲಿಲ್ಲ. ಅವರ ಕೈಯಲ್ಲಿ ಕಲಿತ ನಾನು ರಿಮೋಟನ್ನು ಕೆಳಗಿಟ್ಟೆ. ನನಗೇ ನಾಚಿಕೆಯಾಯಿತು, ಎಂಥ ಮಾತು, ಇವನನ್ನು ಡೌಟ್ ಮಾಡುವುದೇ!

“ಟ್ಯೂಬ್ ಒರಿಜಿನಲ್ ಅದರಿ. ಹತ್ತು ವರ್ಷ ಅದರ ಕಡೆ ನೋಡಬ್ಯಾಡ್ರಿ,” ಎಂದು ಅವನೇ ಹಳೆಯ ಹಾಸಿಗೆ ಸುತ್ತಿ, ಗಾಡಿಗೆ ಏರಿಸಿಕೊಟ್ಟ.

ತಂಗಿ ಬಂದದ್ದು ಮೂರು ವಾರದ ಮೇಲೆ. ಟೇಪು ಸವೆಯಬಾರದೆಂದು ನಾನು ಅಷ್ಟು ದಿನ ಅದನ್ನು ಮುಟ್ಟಿರಲಿಲ್ಲ. ಟಿವಿಯನ್ನೂ ಅವಳಿಗಾಗಿಯೇ ಎಂದು ಒಂದೆರಡು ಸಲ ಹಚ್ಚಿ ಮುಚ್ಚಿಟ್ಟಿದ್ದೆ. ಅವಳನ್ನು ಪರದೆಗೆ ಮೊಳದಷ್ಟು ಹತ್ತಿರ ಕುರ್ಚಿ ಹಾಕಿ ಕೂಡಿಸಿದೆ. ಕ್ಯಾಸೆಟ್ಟು ಹಾಕಿ ಸ್ವಿಚ್ ಒತ್ತಿದೆ. ಒಂದು ನಿಮಿಷ, ಎರಡು ನಿಮಿಷ, ಪರದೆ ಕಪ್ಪಾಗಿಯೇ ಇತ್ತು. ಆಮೇಲೆ ಕೆಂಪು ಕೆಸರಿನಂಥದ್ದೇನೋ ಮೇಲೆದ್ದು ಬಂತು. ಅದರಲ್ಲಿ ಮದುಮಗಳಿಲ್ಲ, ಹಂದರವಿಲ್ಲ, ಅಲುಗಾಡುವ ಕಲೆಗಳು ಮಾತ್ರ. ಅವ್ವನ ದನಿ ಮಾತ್ರ ಸ್ಪಷ್ಟವಾಗಿತ್ತು, ಯಾರಿಗೋ ಅಕ್ಷತೆ ಕೊಡಿ ಎನ್ನುತ್ತಿದ್ದಳು.

ತಂಗಿ ಒಂದು ಕೈಯಿಂದ ಒಂದು ಕಣ್ಣು ಮುಚ್ಚಿ ನೋಡಿದಳು. ಆಮೇಲೆ ಇನ್ನೊಂದು. “ಅಕ್ಕಾ, ಹೋದವು ನೋಡು ನನ್ನ ಕಣ್ಣು.”

“ಇಲ್ಲವ್ವಾ, ಟಿವಿ ಕೆಟ್ಟದ. ನನಗೂ ಹಂಗೇ ಕಾಣ್ತದ.”

“ನನ್ನ ಸಮಾಧಾನಕ್ಕ ಹೇಳಬ್ಯಾಡ. ನೀನೇ ನೋಡಿ ಆರಿಸಿ ತಂದೀ ಅಲ್ಲ, ಅದ್ಹ್ಯಾಂಗ ಕೆಡ್ತದ?”

ಟಿವಿಯೇ ಕೆಟ್ಟದ್ದೆಂದು ಸೊಸೆ ಬಂದು ಹೇಳಿದಳು, ಮಗ ಹೇಳಿದ. ನಾವೆಲ್ಲ ಸೇರಿ ನಾಟಕ ಮಾಡುತ್ತಿದ್ದೇವೆ ಎಂದುಕೊಂಡಳೋ ಏನೋ. ಮರುದಿನವೇ ನಾರಾಯಣಖೇಡಕ್ಕೆ ಹೊರಟಳು. ಮುಂದಿನ ತಿಂಗಳ ಡಾಕ್ಟರ ತಾರೀಖಿಗೂ ಹೋಗಲಿಲ್ಲ. ಹೋದ ಕಣ್ಣಿಗೆ ಔಷಧ ಯಾಕೆ ಅಂದಳಂತೆ.

ಇಲ್ಲಿನ ರಿಪೇರಿಯವನು ಸೆಟ್ಟಿನ ಬೆನ್ನು ಬಿಚ್ಚಿ ನನ್ನನ್ನು ಕರೆದ. ಒಳಗಿನ ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಎರಡು ಸುತ್ತು ಹೆಚ್ಚಿನ ವೈರು ಸುತ್ತಿದ್ದರು. “ಸಾಯೋ ಟ್ಯೂಬಿಗಿ ಇಂಜೆಕ್ಷನ್ ಕೊಟ್ಟಾರ್ರಿ ಅಮ್ಮಾ. ನಾಕು ದಿನ ಕುಣೀತದ, ಆಮ್ಯಾಲ ಮುಗೀತು.” ವೈರಿನ ತುದಿಯನ್ನು ಬಿಳಿ ನೂಲಿನಿಂದ ಕಟ್ಟಿ, ಮೇಲೆ ಮೇಣದ ಬತ್ತಿ ಕರಗಿಸಿ ಹನಿಸಿದ್ದರು. ಆ ಕೈ ನನಗೆ ಗೊತ್ತು. ನಮ್ಮ ಹಳೆಯ ಸೆಟ್ಟಿಗೂ ಅದರ ಕೊನೆಗಾಲದಲ್ಲಿ ಅವನು ಹೀಗೇ ಮಾಡಿದ್ದ. ಆಗ ನನ್ನೆದುರಿಗೇ ಕೂತು, ‘ಇದು ಆರು ತಿಂಗಳ ಮಾತರಿ ಅಕ್ಕಾರ, ಮುಂದ ಕೇಳಬ್ಯಾಡ್ರಿ’ ಎಂದು ಹೇಳಿ ಮಾಡಿದ್ದ.

ತಾಂಡೂರಿಗೆ ಹೋದೆ. ಜಗಳಕ್ಕಲ್ಲ, ಮ್ಯಾನರ್ಸ್ ನನ್ನನ್ನು ಬಿಡುವುದಿಲ್ಲ. ಎದುರಿಗೆ ನಿಂತು, “ಗೊತ್ತಿತ್ತೇನಪ್ಪ ನಿನಗ?” ಎಂದು ಕೇಳಿದೆ ಅಷ್ಟೆ.

ಅವನು ಸುಳ್ಳು ಹೇಳಲಿಲ್ಲ. “ಗೊತ್ತಿತ್ತರಿ. ಎಲ್ಲಾ ಕಡೆ ಹುಡುಕ್ದೆ, ಬೊಮ್ರಾಸಪೇಟದ ತನಕಾ ಹೋದೆ. ಛಲೋ ಟ್ಯೂಬ್ ಎಲ್ಲಿ ಉಳದಾವ್ರಿ? ನಿಮಗ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಒಂದ್ ಸಲ ನೋಡೋ ತನಕ ನಡೀತದ ಅಂದ್ಕೊಂಡೆ.”

“ಇಲ್ಲ ಅಂದಿದ್ರ ಆಗ್ತಿತ್ತಲ್ಲ. ನನ್ನ ತಂಗಿ ತನ್ನ ಕಣ್ಣು ಹೋದವಂತ ತಿಳಕೊಂಡು ಮೂಲಿ ಹಿಡದಾಳ.”

ಅಷ್ಟರಲ್ಲಿ ಗಿರಾಕಿಯೊಬ್ಬಳು ಮೊಬೈಲ್ ಚಾಚಿದಳು. ಅದೇ ಬೇಕಾಗಿತ್ತು ಅನ್ನುವ ಹಾಗೆ ಅವನು ಅದನ್ನು ಈಸಿಕೊಂಡ. ನಾನು ರಸ್ತೆ ದಾಟಿ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತೆ. ಅವನನ್ನು ನಾನು ನೋಡಿದ್ದು ಅದೇ ಕೊನೆ: ಅಂಗಡಿಯ ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಿಂತು, ಮೊಬೈಲಿಗೆ ಹೊಸ ಗಾಜು ಅಂಟಿಸುತ್ತಿದ್ದ. ತಲೆ ಎತ್ತಲಿಲ್ಲ. ಒಂದು ಗಾಳಿಗುಳ್ಳೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಅಂಚಿನತ್ತ ತಳ್ಳುತ್ತಿದ್ದ.