ಗುಹೆಯಿಂದ ಬಂದ ಕಾರ್ಡು

ಎರಡು ವಾರದ ಕೆಳಗೆ, ಒಂದು ಮಂಗಳವಾರ ಮಧ್ಯಾಹ್ನ ಸ್ಕೂಲಿನಿಂದ ಊಟಕ್ಕೆ ಬಂದರೆ ಮನೆಯವರೆಲ್ಲ ತಲೆಗೆ ನೀರು ಹಾಕಿಕೊಂಡು ಕೂತಿದ್ದರು. ಒಲೆ ಹಚ್ಚಿರಲಿಲ್ಲ.

"ಯಾರು ಹೋದ್ರು?" ಎಂದೆ.

"ನೀವೇ" ಎಂದಳು ಹೆಂಡತಿ.

ತನ್ನ ಮರಣವಾರ್ತೆಯನ್ನು ಹಸಿದ ಹೊಟ್ಟೆಯಲ್ಲಿ ಕೇಳಿದ ಮೇಷ್ಟರು ಹೊಸದುರ್ಗ ತಾಲ್ಲೂಕಿಗೆಲ್ಲ ನಾನೊಬ್ಬನೇ ಇರಬೇಕು.

ಆದದ್ದು ಇಷ್ಟು. ನನ್ನ ಹೆಂಡತಿಯ ತಮ್ಮ ಚಂದ್ರ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವರ ಕಾಲೇಜಿಗೆ ಕಂಪ್ಯೂಟರ್ ಬಂದಿದೆ. (ಕೋಣೆಯಷ್ಟು ದೊಡ್ಡದು. ಫ್ಯಾನು ಅದಕ್ಕೆ, ಬೆವರು ಹುಡುಗರಿಗೆ.) ಅದರೊಳಗೊಂದು ಗುಹೆಯ ಆಟ. ಚಿತ್ರವಿಲ್ಲ, ಸದ್ದಿಲ್ಲ. ಉತ್ತರಕ್ಕೆ ನಡೆ, ಬಗ್ಗು, ಹತ್ತು ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಮುಂದೇನು ಎದುರಾಯಿತೆಂದು ಯಂತ್ರ ಕಾಗದದ ಮೇಲೆ ಅಚ್ಚೊತ್ತಿ ಹೇಳುತ್ತದೆ. ಒಳಗೆಲ್ಲೋ ಚಿನ್ನದ ಪೆಟ್ಟಿಗೆ. ಕೈಯಲ್ಲೊಂದು ಲಾಟೀನು, ಇಷ್ಟೇ ಹೆಜ್ಜೆಗೆಂದು ಎಣ್ಣೆ. ಲಾಟೀನು ಆರಿದರೆ ಆಸಾಮಿಯೂ ಆರಿದಂತೆ. ಚಂದ್ರನ ಕ್ಲಾಸಿನಲ್ಲಿ ಒಬ್ಬನೂ ಹೊರಗೆ ಬಂದಿಲ್ಲವಂತೆ.

"ದುರ್ಗದ ಕೋಟೆಯ ಗವಿಗಳಲ್ಲಿ ನುಗ್ಗಿ ಬಂದವನಪ್ಪ ನಾನು, ನಿನ್ನ ಕಾಗದದ ಗವಿ ಯಾವ ಲೆಕ್ಕ?" ಎಂದು ದೀಪಾವಳಿ ರಜೆಯಲ್ಲಿ ಕೊಚ್ಚಿಕೊಂಡೆ. ಬಾಯಿ ಸುಮ್ಮನಿರಬೇಕಲ್ಲ.

ಒಪ್ಪಂದವಾಯಿತು. ಬುಧವಾರ ನಾನು ನನ್ನ ಹೆಜ್ಜೆಗಳನ್ನು ಕಾರ್ಡಿನಲ್ಲಿ ಬರೆದು ಹಾಕುವುದು, ಶನಿವಾರ ಅವನು ಟೈಪ್ ಮಾಡುವುದು, ಯಂತ್ರ ಹೇಳಿದ್ದು ಮಂಗಳವಾರ ನನ್ನ ಮನೆಗೆ. ಹೀಗೆ ಹನ್ನೊಂದು ವಾರ ನಡೆದೆ. ಕಾರ್ಡಿಗೆ ಲಕೋಟೆ ಎಲ್ಲಿದೆ? ಪೋಸ್ಟ್‌ಮ್ಯಾನ್ ಓಬಳಪ್ಪನೂ ಜೊತೆಗೆ ನಡೆದ. "ಮೇಷ್ಟ್ರೇ, ಎಣ್ಣೆ ಕಮ್ಮಿ ಆಗೈತಂತೆ, ನೋಡ್ಕಂಡ್ ಹೋಗ್ರಿ" ಎಂದು ಬೀದಿಯ ತುದಿಯಿಂದಲೇ ಕೂಗುತ್ತಿದ್ದ.

ಆ ಮಂಗಳವಾರ ಓಬಳಪ್ಪ ರಜೆ. ಬದಲಿಗೆ ಬಂದವನಿಗೆ ಗುಹೆಯ ಗಂಧವಿಲ್ಲ. ಜಗಲಿಯ ಮೇಲಿದ್ದ ಅವ್ವ, ಓದು ಬಾರದವಳು, "ಓದಪ್ಪ" ಎಂದಿದ್ದಾಳೆ. ಅವನು ಓದಿದ್ದಾನೆ: "ಭಾವನವರು ಕಂದಕಕ್ಕೆ ಬಿದ್ದು ತೀರಿಕೊಂಡರು."

ಮುಂದಿನ ಸಾಲಿಗೆ ಅವ್ವ ಅವಕಾಶ ಕೊಡಲಿಲ್ಲ. ಸಾವಿನ ಕಾಗದವನ್ನು ನಾವು ಹೊಸ್ತಿಲು ದಾಟಿಸುವುದಿಲ್ಲ. ಹೊರಗೇ ಹರಿದು ಎಸೆದು ತಲೆಗೆ ನೀರು ಹಾಕಿಕೊಳ್ಳುತ್ತೇವೆ.

ಬೆಳಿಗ್ಗೆ ರೊಟ್ಟಿ ತಿಂದು ಹೋದ ಮಗ ಹನ್ನೊಂದು ಗಂಟೆಗೆ ಅಂಚೆಯಲ್ಲಿ ಸತ್ತನೆಂದು ಅವ್ವ ನಂಬಿದಳೇ? ಇಲ್ಲ. ಪಕ್ಕದ ಮನೆಯಾಕೆಯನ್ನು ಸ್ಕೂಲಿಗೆ ಅಟ್ಟಿ, ನಾನು ಪಾಠ ಮಾಡುತ್ತಿರುವುದನ್ನು ಕಿಟಕಿಯಿಂದ ನೋಡಿಸಿ, ಆಮೇಲೆ ಸ್ನಾನಕ್ಕೆ ಹೋದಳಂತೆ. ಆದರೂ ಹೋದಳು. ಎಂಟು ವರ್ಷದ ಕೆಳಗೆ ನಮ್ಮಣ್ಣನ ಸುದ್ದಿ ಬಂದದ್ದೂ ಇಂಥದೇ ಕಾರ್ಡಿನಲ್ಲಿ, ಇದೇ ಜಗಲಿಗೆ.

ನಾನು ಚರಂಡಿಯ ಪಕ್ಕ ಬಗ್ಗಿ ಆರು ಚೂರು ಆಯ್ದು ಜೋಡಿಸಿದೆ. ಯಂತ್ರ ಇನ್ನೊಂದೇ ಜನ್ಮ ಕೊಡುತ್ತದೆ. ಗುಹೆಯ ಬಾಯಲ್ಲಿ ಹುಟ್ಟಿದರೆ ಜೀವ ಕ್ಷೇಮ, ಬರಿಗೈ, ಆಟ ಅಲ್ಲಿಗೆ ಮುಗಿಯಿತು. ಕಂದಕದ ಅಂಚಲ್ಲಿ ಹುಟ್ಟಿದರೆ ಪಕ್ಕದಲ್ಲೇ ಚಿನ್ನದ ಪೆಟ್ಟಿಗೆ. ಆದರೆ ಎಣ್ಣೆ ಒಂಬತ್ತೇ ಹೆಜ್ಜೆಗೆ. ಈ ಶನಿವಾರವೇ ಕೊನೆ, ಪರೀಕ್ಷೆ ಹತ್ತಿರ ಬಂತು ಎಂದಿದ್ದ ಚಂದ್ರ.

ಅವ್ವನಿಗೆ ಹೇಳಿದೆ.

"ಹೊರಗ್ ಬಾ" ಎಂದಳು. "ಈಗ್ಲೇ ಬರಿ. ಆಮೇಲೇ ಒಲೆ ಹಚ್ಚೋದು."

"ಆಟ ಕಣವ್ವ."

"ಸಾಯೋ ಆಟ ಬ್ಯಾಡ. ಬ್ಯಾರೆ ಏನಾರ ಆಡ್ಕ."

ಅವಳ ಎದುರೇ ಕೂತು ಬರೆದೆ. ಬರೆದದ್ದು ಕಂದಕದ ಅಂಚು, ಮತ್ತು ಒಂಬತ್ತು ಹೆಜ್ಜೆ.

"ಹೊರಗ್ ಬಂದ್ಯಾ?"

"ಬಂದೆ."

(ಓದು ಬಾರದವರ ಮುಂದೆ ಪೆನ್ನು ಹಿಡಿದವನಷ್ಟು ಧೈರ್ಯವಂತ ಇನ್ನಾರು?)

ಕಾರ್ಡು ಡಬ್ಬಿಯೊಳಗೆ ಬಿದ್ದ ಕ್ಷಣದಿಂದ ಧೈರ್ಯ ಇಳಿಯತೊಡಗಿತು. ಬಂಡೆಯ ಸಂದಿಯಲ್ಲಿ ಬಗ್ಗುವುದೂ ಒಂದು ಹೆಜ್ಜೆಯೇ? ಹಾಗಾದರೆ ಹತ್ತಾಯಿತಲ್ಲ? ಶುಕ್ರವಾರ ಬೋರ್ಡಿನ ಮೇಲೆ ಲೆಕ್ಕದ ಬದಲು ಗುಹೆಯ ನಕ್ಷೆ ಬರೆದೆ. ನಾನು ಸೋತರೆ ಸೋತೆ. ಆದರೆ ಅದೇ ಸಾಲನ್ನು ಅವ್ವ ಅದೇ ಜಗಲಿಯ ಮೇಲೆ ಮತ್ತೊಮ್ಮೆ ಕೇಳುವುದೇ?

ಮಂಗಳವಾರ ಕ್ಯಾಶುಯಲ್ ಲೀವ್ ಹಾಕಿ ಬೆಳಿಗ್ಗೆಯೇ ಪೋಸ್ಟಾಫೀಸಿನ ಬಾಗಿಲಲ್ಲಿ ನಿಂತೆ. ಹೊಸದುರ್ಗ ರೋಡ್ ಸ್ಟೇಷನ್ನಿನಿಂದ ಟಪಾಲು ತರುವ ಬಸ್ಸು ಅವತ್ತೇ ತಡ. ಓಬಳಪ್ಪ ಡ್ಯೂಟಿಗೆ ಬಂದಿದ್ದ.

"ನನ್ನ ಕಾರ್ಡು ಇಲ್ಲೇ ಕೊಟ್ಟುಬಿಡಪ್ಪ."

"ಆಗಲ್ರೀ ಮೇಷ್ಟ್ರೇ. ಅವ್ವಾರು ನಿಮಗಿಂತ ಮೊದ್ಲೇ ಬಂದು ಹೇಳಿ ಹೋಗ್ಯಾರೆ. ಜಗಲಿಗೇ ತರಬೇಕಂತೆ, ಅವರ ಮುಂದೇ ಓದ್ಬೇಕಂತೆ."

ಚೀಲ ಬಂತು. ಓಬಳಪ್ಪ ಕಾರ್ಡು ಹುಡುಕಿ ತೆಗೆದು ಓದಿಕೊಂಡ. ಕನ್ನಡಕ ತೆಗೆದ.

"ಒಂದೇ ಒಂದು ಹೆಜ್ಜೆಗೆ ಎಣ್ಣೆ ಸಾಲ್ಲಿಲ್ವಂತೆ ಮೇಷ್ಟ್ರೇ. ಹೊರಗಿನ ಬೆಳಕು ಕಾಣ್ತಿತ್ತಂತೆ."

ಇಬ್ಬರೂ ಮನೆಯ ಕಡೆ ನಡೆದೆವು. ಅವ್ವ ಜಗಲಿಯಲ್ಲಿ ನಿಂತಿದ್ದಳು, ಕೂತಿರಲಿಲ್ಲ. ಓಬಳಪ್ಪ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದ. ಇಷ್ಟು ವರ್ಷದ ನೌಕರಿಯಲ್ಲಿ ಒಂದಕ್ಷರ ತಪ್ಪು ಓದಿದವನಲ್ಲ.

"ಭಾವನವರು ಹೊರಗೆ ಬಂದರು. ಕ್ಷೇಮ" ಎಂದು ಓದಿದ.

ಅವ್ವ ಜಗಲಿಯ ಮೇಲೆ ಕೂತಳು. "ಕೈಯಾಗೇನಾರ ತಂದ್ನಂತಾ?" ಎಂದಳು.

"ಇಲ್ಲ ಅವ್ವಾರೆ, ಬರಿಗೈ."

"ಹೋಗ್ಲಿ ಬಿಡು" ಎಂದು ಕಾರ್ಡನ್ನು ಅವನ ಕೈಯಿಂದ ತೆಗೆದುಕೊಂಡು, ಹೊಸ್ತಿಲು ದಾಟಿ, ನೇರ ಒಳಗೆ ಹೋದಳು. ಅದೀಗ ನಮ್ಮ ದೇವರ ಗೂಡಿನಲ್ಲಿದೆ, ಕುಂಕುಮ ಹಚ್ಚಿಸಿಕೊಂಡು.

ನಮ್ಮ ಬೀದಿಯ ಓದುಗರಲ್ಲಿ ಒಂದೇ ಪ್ರಾರ್ಥನೆ: ಈ ವಾರದ ಪತ್ರಿಕೆಯನ್ನು ದಯವಿಟ್ಟು ಗಟ್ಟಿಯಾಗಿ ಓದಬೇಡಿ.